ಬಾಳೆಬುಟ್ಟಿಯಲ್ಲಿ ಬಂದ ಸೀಸೆಗಳು

ಮೊದಲ ಸೋಮವಾರ ಕಮಲಾಪುರದಿಂದ ಹೊರಟ ಏಳು ಸೀಸೆಗಳಲ್ಲಿ ಮೂರು ಒಡೆದು ಬಂದವು. ಎರಡನೆಯ ಸೋಮವಾರ ಏಳರಲ್ಲಿ ಎರಡು. ರಕ್ತ ಹೆಪ್ಪುಗಟ್ಟಿದ ಮೇಲೆ ಸೀಸೆಯಲ್ಲಿ ಮೇಲೆ ನಿಲ್ಲುವ ನೀರಿಗೆ ಸೀರಂ ಎನ್ನುತ್ತೇವೆ. ಅದು ತಿಳಿಹಳದಿ ಇರಬೇಕು. ಒಡೆಯದೆ ಬಂದ ಸೀಸೆಗಳಲ್ಲಿಯೂ ಅದು ಕೆಂಪಾಗಿತ್ತು. ಬಸ್ಸಿನ ಕುಲುಕಾಟಕ್ಕೆ ರಕ್ತಕಣಗಳು ಒಡೆದು ಬಣ್ಣ ಬಿಟ್ಟಿದ್ದವು. ಅಂಥ ಸೀಸೆಯಿಂದ ಬರುವ ಅಂಕಿಯನ್ನು ನಂಬಬಾರದೆಂದು ಕಲಿತಿದ್ದೆ. ಎಲ್ಲವನ್ನೂ ಚೆಲ್ಲಿದೆ. ದಿನಚರಿಯಲ್ಲಿ ಆ ಎರಡು ಸೋಮವಾರಗಳ ಎದುರು ಒಂದೇ ಮಾತಿದೆ: ‘ಕಮಲಾಪುರ: ಲೆಕ್ಕಕ್ಕೆ ಇಲ್ಲ.’

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾದ ಮೇಲಿನ ಮೂರನೆಯ ಬೇಸಿಗೆ ಅದು. ಕಲಬುರಗಿಯಲ್ಲಿ ನಾನಿದ್ದ ದವಾಖಾನೆಯ ರಜಿಸ್ಟರು ಉರ್ದುವಿನಿಂದ ಇಂಗ್ಲಿಷಿಗೆ ಹೊರಳುತ್ತಿತ್ತು. ಒಂದೇ ಪುಟದಲ್ಲಿ ಬಲದಿಂದ ಎಡಕ್ಕೆ ಒಬ್ಬ ರೋಗಿ, ಎಡದಿಂದ ಬಲಕ್ಕೆ ಇನ್ನೊಬ್ಬ. ನನಗೆ ಇಪ್ಪತ್ತಾರು ವರ್ಷ. ನಮ್ಮ ಹಿರಿಯ ಸರ್ಜನ್‌ರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಹೈದರಾಬಾದಿನವರು, ಇಪ್ಪತ್ತು ವರ್ಷ ಇಲ್ಲಿಯೇ ಇದ್ದು ಕನ್ನಡವನ್ನು ಇಲ್ಲಿಯವರಂತೆಯೇ ಆಡುತ್ತಿದ್ದರು. ಅವರ ಸಂಶೋಧನೆಯ ಲೆಕ್ಕ ಬರೆಯುವುದು, ರಕ್ತ ಪರೀಕ್ಷಿಸುವುದು ನನ್ನ ಕೆಲಸ.

ಲೆಕ್ಕದ ಪುಸ್ತಕ ಒಂದೇ. ಎಡಗಡೆಯಿಂದ ತೆರೆದರೆ ಪ್ರಾಸ್ಟೇಟ್ ಕ್ಯಾನ್ಸರು, ಉರ್ದು ಪುಸ್ತಕದಂತೆ ಬಲಗಡೆಯಿಂದ ತೆರೆದರೆ ಮೂತ್ರಪಿಂಡದ ಕ್ಯಾನ್ಸರು. ಮೂತ್ರಪಿಂಡದ ಗಡ್ಡೆಗೆ ನಮ್ಮಲ್ಲಿ ಮಾತ್ರೆ ಇರಲಿಲ್ಲ, ರಕ್ತದಲ್ಲಿ ಅಳೆಯುವ ಅಂಕಿಯೂ ಇರಲಿಲ್ಲ. ಗಡ್ಡೆ ಒಂದೇ ಕಡೆ ಇದ್ದರೆ ಸಾಹೇಬರು ಆ ಮೂತ್ರಪಿಂಡವನ್ನು ತೆಗೆಯುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ ರೋಗಿ ಏನು ಹೇಳಿದ ಎಂದು ಬರೆದುಕೊಳ್ಳುತ್ತಿದ್ದೆ. ಅದಕ್ಕೊಂದು ಅಂಕಣ ಇತ್ತು: ‘ರೋಗಿಯ ಮಾತು.’

ಪ್ರಾಸ್ಟೇಟ್ ಕಡೆ ಆ ಅಂಕಣ ಇರಲಿಲ್ಲ. ಅಲ್ಲಿ ನಮಗೆ ಅಂಕಿ ಸಿಕ್ಕಿತ್ತು. ಗಂಡಸರ ಮೂತ್ರಕೋಶದ ಬುಡದಲ್ಲಿರುವ ಈ ಗ್ರಂಥಿಯ ಕ್ಯಾನ್ಸರು ಎಲುಬಿಗೆ ಹರಡಿದಾಗ ರಕ್ತದಲ್ಲಿ ಒಂದು ಕಿಣ್ವ ಏರುತ್ತದೆ, ಚಿಕಿತ್ಸೆ ತಾಗಿದರೆ ಇಳಿಯುತ್ತದೆ. ಗಂಡಸಿನ ಹಾರ್ಮೋನೇ ಈ ಗಡ್ಡೆಗೆ ಊಟ. ಅದನ್ನು ತಡೆಯಲು ದಾರಿ ಎರಡು: ಹೆಣ್ಣಿನ ಹಾರ್ಮೋನಿನಂತೆ ಕೆಲಸ ಮಾಡುವ ಮಾತ್ರೆ, ಇಲ್ಲವೆ ವೃಷಣಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆ ಮಾಡದೆ, ಸಣ್ಣ ಪ್ರಮಾಣದ ಮಾತ್ರೆಯಿಂದಲೇ ರೋಗವನ್ನು ಹಿಡಿದಿಡಬಹುದೇ ಎಂಬುದು ಸಾಹೇಬರ ಪ್ರಶ್ನೆ. ಆ ಶಸ್ತ್ರಚಿಕಿತ್ಸೆಯ ಮಾತನ್ನು ಒಬ್ಬ ಗಂಡಸಿಗೆ ಹೇಳಬೇಕಾಗಿ ಬಂದ ದಿನ ಅವರ ಊಟದ ಡಬ್ಬಿ ಅರ್ಧ ಹಾಗೆಯೇ ಮನೆಗೆ ಮರಳುತ್ತಿತ್ತು.

ನಗರದ ರೋಗಿಗಳು ಒಂಬತ್ತು ಜನ, ನ-೧ರಿಂದ ನ-೯. ಕಮಲಾಪುರದ ಕಡೆಯವರು ಏಳು ಜನ, ಕ-೧ರಿಂದ ಕ-೭. ಎಲ್ಲರ ಮೊದಲ ರಕ್ತವನ್ನು ಕಲಬುರಗಿಯಲ್ಲಿ ನಾನೇ ತೆಗೆದು ಒಂದು ತಾಸಿನೊಳಗೆ ಪರೀಕ್ಷಿಸಿದ್ದೆ. ಆಮೇಲೆ ವಾರವಾರ ಏಳು ಜನ ಮುದುಕರು ಬಸ್ಸು ಹತ್ತಿ ಬರುವುದು ಆಗದ ಮಾತು. ಕಮಲಾಪುರದಲ್ಲಿ ಒಬ್ಬ ಬಾಳೆ ವ್ಯಾಪಾರಿ ತನ್ನ ಮನೆಯ ಹೊರಕೋಣೆಯನ್ನು ಔಷಧಿ ಕೊಡಲು ಬಿಟ್ಟಿದ್ದ. ಅಲ್ಲಿನ ಕಂಪೌಂಡರ್ ಸೋಮವಾರ ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದು ಮಧ್ಯಾಹ್ನದ ಬಸ್ಸಿಗೆ ಕೊಡುವುದೆಂದು ಗೊತ್ತಾಯಿತು. ಸೀಸೆ ನನ್ನ ಕೈಗೆ ಬರುವಾಗ ಮೂರು ಗಂಟೆ.

ಒಡೆದ ಸೀಸೆಗಳ ಸುದ್ದಿ ತಿಳಿಸಲು ಹೋದಾಗ ಕಂಪೌಂಡರ್ ನನ್ನನ್ನು ಕೂರಿಸಿ ನಕ್ಕರು. ಐವತ್ತು ದಾಟಿದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

“ನಮ್ಮೂರ ಕೆಂಪ ಬಾಳಿಗೆ ಉಗುರ ತಾಕಿದ್ರ ಸೈತ ಕಪ್ಪ ಕಲಿ ಬೀಳ್ತದ್ರಿ ಡಾಕ್ಟರ. ಅಂಥಾದ್ದು ಹೈದರಾಬಾದ ತನಕ ಹೋಗ್ತದ. ನಿಮ್ಮ ಗಾಜಿಂದೇನ ದೊಡ್ಡ ಮಾತು?”

“ಗಾಜ ಒಡೀಬಾರ್ದು, ರಕ್ತ ಕುಲುಕಬಾರ್ದು ಕಾಕಾ. ಎರಡೂ ಆಗಬೇಕು.”

“ಆಗ್ತದ. ಮುಂದಿನ ಸೋಮವಾರ ನೋಡ್ರಿ. ಒಡದ್ರ ನನ್ನ ಮೀಸಿ ಬೋಳಸ್ರಿ.”

ಮೂರನೆಯ ಸೋಮವಾರ ಗಂಜಿನ, ಎಂದರೆ ನಗರದ ಸಗಟು ಪೇಟೆಯ, ಅಂಗಡಿಗೆ ಹೋಗುವ ಬಾಳೆಬುಟ್ಟಿಯೊಂದು ಮೊದಲು ನಮ್ಮ ಬಾಗಿಲಿಗೆ ಬಂತು. ಒಣಗಿದ ಬಾಳೆಎಲೆಯನ್ನು ಸುತ್ತಲೂ ಹಾಸಿ, ನಡುವೆ ಹಣ್ಣಿಗೆ ಹಾಕಿದ ಬಾಳೆಯ ಚಿಪ್ಪುಗಳು, ಚಿಪ್ಪುಗಳ ಸಂದಿನಲ್ಲಿ ಒಂದೊಂದನ್ನೂ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ ನನ್ನ ಸೀಸೆಗಳು. ಏಳಕ್ಕೆ ಏಳೂ ಗಟ್ಟಿ. ಸೀರಂ ಏಳರಲ್ಲಿಯೂ ತಿಳಿಹಳದಿ. ಆ ದಿನ ದಿನಚರಿಯಲ್ಲಿ ಬರೆದಿದ್ದೇನೆ: ‘ಇದಕ್ಕಿಂತ ಒಳ್ಳೆಯ ಕಟ್ಟು ಇರಲಾರದು. ಕಾಕಾ ಮೀಸೆ ಉಳಿಸಿಕೊಂಡರು.’

ಅಂದಿನಿಂದ ಅಂಕಿಗಳು ಇಳಿಯತೊಡಗಿದವು.

ಪರೀಕ್ಷೆ ಹೀಗೆ. ಸೀರಂಗೆ ಅಳತೆಯ ಹುಳಿ ದ್ರಾವಣ ಬೆರೆಸಿ, ಮೈಶಾಖದಷ್ಟೇ ಬಿಸಿ ಇರುವ ನೀರಿನಲ್ಲಿ ಕೊಳವೆಯನ್ನು ಒಂದು ತಾಸು ನಿಲ್ಲಿಸಬೇಕು. ಕಿಣ್ವ ಎಷ್ಟಿದೆಯೋ ಅಷ್ಟು ಕೆಲಸ ಮಾಡುತ್ತದೆ. ಆಮೇಲೆ ಬಣ್ಣದ ಔಷಧಿ ಹಾಕಿದರೆ ನೀಲಿ ಏಳುತ್ತದೆ. ತಿಳಿಯಿಂದ ಗಾಢದವರೆಗೆ ಸಾಲಾಗಿ ಇಟ್ಟ ಕೊಳವೆಗಳ ಪಕ್ಕ ಹಿಡಿದು ಯಾವುದಕ್ಕೆ ಹೊಂದುತ್ತದೋ ಆ ಅಂಕಿಯನ್ನು ಬರೆಯಬೇಕು. ಐದರ ಒಳಗೆ ಇದ್ದರೆ ಆರೋಗ್ಯ. ಕ-೪ರ ಮೊದಲ ಅಂಕಿ ಹತ್ತೊಂಬತ್ತು ಇದ್ದದ್ದು ಈಗ ಎಂಟಾಯಿತು, ಆರಾಯಿತು, ಐದಾಯಿತು. ಕ-೨ರದು ನಾಲ್ಕಕ್ಕೆ ಬಂತು. ಏಳರಲ್ಲಿ ಏಳೂ ಇಳಿದವು. ನಗರದ ಒಂಬತ್ತರಲ್ಲಿ ಇಳಿದವು ನಾಲ್ಕು ಮಾತ್ರ.

ಈ ಅಂತರಕ್ಕೆ ನಾವು ಕಾರಣ ಹುಡುಕಿದೆವು, ಸಿಕ್ಕವು ಕೂಡ. ಕಮಲಾಪುರದವರು ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ. ತಿಂಗಳಿಗೊಮ್ಮೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದವನು ನಾನೇ, ಒಂದೂ ಹೆಚ್ಚು ಕಡಿಮೆ ಇರುತ್ತಿರಲಿಲ್ಲ. ನಗರದವರು ಗುಡಿ, ಮದುವೆ, ಗಂಜಿನ ವ್ಯವಹಾರ ಎಂದು ಮರೆಯುತ್ತಾರೆ. ಸಾಹೇಬರಿಗೆ ಇದು ಸರಿಯೆನಿಸಿತು. ಕ-೨ರ ಎದುರು ನಾನು ‘ಚಿಕಿತ್ಸೆ ಫಲಿಸಿದೆ’ ಎಂದು ಬರೆದೆ. ಅವರ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದೆವು. ಸಾಹೇಬರು ಹೈದರಾಬಾದಿನ ಹಿರಿಯ ವೈದ್ಯರ ಸಭೆಗೆ ವರದಿ ಬರೆದರು. ಸಣ್ಣ ಪ್ರಮಾಣ ಸಾಕು, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಡ ಎಂಬುದು ಅದರ ಸಾರ. ಆ ಶುಕ್ರವಾರ ಬೆಳಗಿನ ರೈಲುಗಾಡಿಗೆ ಅವರು ಹೊರಡುವವರಿದ್ದರು.

ಅದೇ ವಾರದ ಸೋಮವಾರ ಮಾತ್ರೆ ಎಣಿಸಲು ಕಮಲಾಪುರಕ್ಕೆ ಹೋದೆ. ಕ-೪ ಬಾಳೆ ಬೆಳೆಯುವ ಮುತ್ಯಾ, ಎಪ್ಪತ್ತರ ಸುಮಾರು. ಯಾವಾಗಲೂ ಹೊರಕೋಣೆಗೆ ನಡೆದು ಬರುತ್ತಿದ್ದವರು ಅಂದು ಬರಲಿಲ್ಲ. ಕಂಪೌಂಡರ್ ಅವರ ಮನೆಗೇ ಹೋಗಿ ರಕ್ತ ತೆಗೆದುಕೊಂಡು ಬಂದಿದ್ದರು. ನಾನೂ ಮನೆಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

“ಮುತ್ಯಾ, ರಕ್ತದಾಗ ಭಾಳ ಚಲೋ ಅದ. ಹತ್ತೊಂಬತ್ತ ಇದ್ದದ್ದು ಐದಕ್ಕ ಬಂದದ” ಎಂದೆ.

“ಹೌದೇನಪಾ. ಹಂಗಾರ ರಕ್ತಕ್ಕ ಆರಾಮ ಆಗ್ಯಾದ” ಎಂದರು, ಮುಖ ತಿರುಗಿಸದೆ. “ನನಗ ಯಾವಾಗ ಆಗ್ತದ?”

ಅವರ ಹೆಂಡತಿ, ಓಣಿಯವರೆಲ್ಲ ಆಯಿ ಎನ್ನುವವರು, ಹೊಸ್ತಿಲಲ್ಲಿ ಕೂತು ಕಾಳು ಆರಿಸುತ್ತಿದ್ದರು. “ಹುಣ್ಣಿಮಿಯಿಂದ ಎಡ ಮಗ್ಗಲಾ ಹೊಳ್ಳಾಕ ಬರಲ್ದಾಗ್ಯಾದ ಅವ್ರಿಗೆ. ಟೊಂಕದ ಎಲುಬಿನ್ಯಾಗ ಯಾರೋ ಸುತ್ತಿಗಿ ಹೊಡದಂಗ ಅಂತಾರ. ಗ್ವಾಡಿ ಕಡಿ ಮಾರಿ ಮಾಡೇ ಮಲಗ್ತಾರ. ನಾ ಮೊದಲ ಸಿಟ್ಟ ಬಂದದ ಅನ್ಕೊಂಡಿದ್ದೆ. ಐವತ್ತ ವರ್ಷ ನನ್ನ ಕಡೀನೇ ಮಾರಿ ಮಾಡಿ ಗೊರಕಿ ಹೊಡದ ಮನಶಾ.”

“ಮಾತ್ರಿ ತಪ್ಪಿಲ್ಲಲ್ಲಾ?”

“ಎಣಸ್ಕೋ ತಮ್ಮಾ” ಎಂದು ಮುತ್ಯಾ ಡಬ್ಬಿಯನ್ನು ಹಿಂದಕ್ಕೆ ಸರಿಸಿದರು. “ನೀ ಮಾತ್ರಿ ಎಣಸ್ತಿ, ಅವ ರಕ್ತ ಒಯ್ತಾನ. ಬ್ಯಾನಿ ಎಲ್ಲಿ ಅಂತ ಒಬ್ರೂ ಕೇಳಂಗಿಲ್ಲ.”

ಎಣಿಸಿದೆ. ಮಾತ್ರೆ ಸರಿಯಿತ್ತು.

ಮಧ್ಯಾಹ್ನದ ಬಸ್ಸಿನಲ್ಲಿ ಹಿಂದಿನ ಸೀಟು. ಆಯಿ ಹೇಳಿದ್ದನ್ನು ಬರೆಯೋಣವೆಂದು ಪುಸ್ತಕ ತೆರೆದೆ. ಎಡಗಡೆಯ ಪುಟಗಳಲ್ಲಿ ದಿನಾಂಕಕ್ಕೆ, ಮಾತ್ರೆಗೆ, ತೂಕಕ್ಕೆ, ಅಂಕಿಗೆ ಅಂಕಣ ಇತ್ತು. ಆ ಮಾತನ್ನು ಬರೆಯಲು ಜಾಗ ಇರಲಿಲ್ಲ. ಅಂಚಿನಲ್ಲಿ ಬರೆಯುವುದು ನನಗೆ ಸೇರದು. ಪುಸ್ತಕ ಮುಚ್ಚಿದೆ. ಬಾಳೆಬುಟ್ಟಿ ಕಾಲ ಬಳಿಯೇ ಇತ್ತು. ಕಪನೂರ ದಾಟುವಾಗ ಬಸ್ಸು ದೊಡ್ಡ ಗುಂಡಿಗೆ ಇಳಿದು ಏರಿತು. ಸೀಸೆಗೆ ಏನಾದರೂ ಆಯಿತೇ ಎಂದು ಎಲೆ ಸರಿಸಿ ಕೈ ಹಾಕಿದೆ.

ಸೀಸೆಗಳು ನೆಟ್ಟಗಿದ್ದವು. ಆದರೆ ಕೈಗೆ ಕಾವು ಬಡಿಯಿತು. ಬಿಸಿರೊಟ್ಟಿ ಸುತ್ತಿಟ್ಟ ಅರಿವೆಯೊಳಗೆ ಕೈ ಹಾಕಿದಂತಿತ್ತು. ಹೊರಗಿನ ಗಾಳಿ ಬಿಸಿಯೇ, ಬುಟ್ಟಿಯ ಹೊಟ್ಟೆ ಅದಕ್ಕಿಂತ ಬೆಚ್ಚಗೆ.

ಪಕ್ಕದಲ್ಲಿ ಕೂತ ಹಣ್ಣು ಮಾರುವ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದಳು. “ಯಾಕ್ರಿ, ಹಣ್ಣ ಕದೀತೀರೇನ?”

“ಇಷ್ಟು ಬಿಸಿ ಯಾಕ ಅದ ಇದು?”

“ಒಳಗ ಹಣ್ಣ ಆಗಾಕತ್ತಾವಲ್ರಿ. ಕಾವಿಲ್ದ ಕಾಯಿ ಹಣ್ಣ ಆಗ್ತದೇನ? ಸಾಲಿ ಕಲ್ತ ಮಂದಿ ಇದ್ದಂಗ ಕಾಣ್ತೀರಿ” ಎಂದು ಆಚೆ ತಿರುಗಿದಳು.

ಪರೀಕ್ಷೆಯ ವಿಧಾನ ಹೇಳುವ ಇಂಗ್ಲಿಷ್ ಪುಸ್ತಕದಲ್ಲಿ ಪರೀಕ್ಷೆ ಅದೇ ದಿನ ಆಗಬೇಕು, ಅಲ್ಲಿಯವರೆಗೆ ಸೀರಂ ಮೇಜಿನ ಮೇಲೆ ಇದ್ದರೂ ನಡೆದೀತು ಎಂದಿತ್ತು. ಅದನ್ನು ಬರೆದವರ ಊರಿನ ಮೇಜು ತಣ್ಣಗಿರುತ್ತದೆ. ಕಿಣ್ವ ಸೂಕ್ಷ್ಮ ವಸ್ತು, ಹುಳಿ ದ್ರಾವಣ ಬೆರೆಸದೆ ಕಾವಿನಲ್ಲಿ ಬಿಟ್ಟರೆ ಕೆಡುತ್ತದೆ; ಅದು ಕೆಟ್ಟರೆ ರೋಗ ಇಳಿಯದೆಯೂ ಅಂಕಿ ಇಳಿಯುತ್ತದೆ. ನಾವು ಅದನ್ನು ವಾರವಾರ ಏಳು ತಾಸು, ಬಾಳೆಯ ಜೊತೆ, ಹಣ್ಣಿಗೆ ಹಾಕಿದ್ದೆವು. ಆ ದಿನ ಬಂದ ಏಳು ಸೀಸೆಗಳನ್ನು ನಾನು ಪರೀಕ್ಷಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಗಂಜಿನಿಂದ ಅಂಥದೇ ಒಂದು ಬುಟ್ಟಿ ತಂದೆ. ನ-೩ರ ರಕ್ತ ತೆಗೆದು ಸೀರಂ ಬೇರ್ಪಡಿಸಿ ಎರಡು ಸೀಸೆಗೆ ಸಮನಾಗಿ ಹಂಚಿದೆ. ಒಂದನ್ನು ಮಂಜುಗಡ್ಡೆಯ ನೀರಿನಲ್ಲಿ ಇಟ್ಟೆ. ಇನ್ನೊಂದನ್ನು ಬಾಳೆಎಲೆಯಲ್ಲಿ ಸುತ್ತಿ ಬುಟ್ಟಿಯ ನಡುವೆ ಇಟ್ಟೆ, ಜೊತೆಗೆ ಉಷ್ಣಮಾಪಕ. ಏಳು ತಾಸಾದ ಮೇಲೆ ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಹಾಕಿದೆ. ಮಂಜಿನ ಸೀಸೆ ಹದಿನೇಳು. ಬುಟ್ಟಿಯ ಸೀಸೆ ಐದು. ಬುಧವಾರ ನ-೬ರ ರಕ್ತದಿಂದ ಮತ್ತೆ ಮಾಡಿದೆ. ಇಪ್ಪತ್ತೆರಡು, ಎಂಟು.

ಎರಡೂ ದಿನದ ಕೊಳವೆಗಳನ್ನು ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ಜೋಡಿಸಿ ಸಾಹೇಬರ ಮೇಜಿನ ಮೇಲೆ ಇಟ್ಟೆ. ವರದಿಯ ಶುದ್ಧ ಪ್ರತಿ ಅಲ್ಲೇ ಇತ್ತು. ಅವರು ನೀಲಿಗಳನ್ನು ಬೆಳಕಿಗೆ ಹಿಡಿದು ನೋಡಿದರು.

“ಇವು ನಗರದ ರಕ್ತ. ಕಮಲಾಪುರದ ಮಂದಿಗೆ ಖರೇನೇ ಕಮ್ಮಿ ಆಗಿರಬಹುದಲ್ಲ ಮಿಯಾ? ಸಬೂತ್ ಏನದ?”

“ಕ-೪ ಮಗ್ಗಲಾ ಹೊಳ್ಳಾಕ ಆಗವಲ್ದು ಅಂತಾರ, ಸಾಹೇಬ್ರ.”

“ಎಪ್ಪತ್ತ ವರ್ಷದ ಟೊಂಕ. ವಾತ ಇರಬಹುದು.”

“ಇರಬಹುದು. ಅದಕ್ಕ ನಾಳಿಗೆ ಪರೀಕ್ಷಾನೇ ಅಲ್ಲಿಗೆ ಒಯ್ತೀನಿ. ರಕ್ತ ಇಲ್ಲಿಗೆ ತರಂಗಿಲ್ಲ.”

ಅವರು ಕೊಳವೆಯನ್ನು ಸ್ಟ್ಯಾಂಡಿಗೆ ಮರಳಿಸಿದರು. “ಶುಕ್ರವಾರ ನನ್ನ ಗಾಡಿ ಅದ, ಗೊತ್ತದಲ್ಲ?”

“ಗೊತ್ತದ್ರಿ.”

“ಹೋಗಿ ಬಾ.”

ಗುರುವಾರದ ಸಾಮಾನಿನ ಪಟ್ಟಿ ದಿನಚರಿಯಲ್ಲಿದೆ: ಸೀರಂ ಬೇರ್ಪಡಿಸಲು ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜ್ ಒಂದು, ಸೀಮೆಎಣ್ಣೆ ಸ್ಟೋವ್ ಒಂದು, ಉಷ್ಣಮಾಪಕ ಎರಡು, ದ್ರಾವಣದ ಬಾಟಲಿ ಮೂರು, ಕೊಳವೆ ನಲವತ್ತು. ಬಸ್ಸಿನಲ್ಲಿ ಕೊಳವೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಂಪೌಂಡರ್ ಸುದ್ದಿ ಕಳಿಸಿ ರೋಗಿಗಳನ್ನು ಕೂಡಿಸಿದರು. ಮುತ್ಯಾರನ್ನು ಚಕ್ಕಡಿಯಲ್ಲಿ ಕರೆತಂದರು. ಏಳರಲ್ಲಿ ಆರು ಜನ ಬಂದರು. ಕ-೨ ಬರಲಿಲ್ಲ.

ಆಯಿ ಕೊಟ್ಟ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕಾಯಿಸಿ ಮೈಶಾಖಕ್ಕೆ ತಂದೆ. ಒಂದು ತಾಸು ಆ ಶಾಖ ಕದಲಬಾರದು. ಸ್ಟೋವ್ ಉರಿ ಎರಡು ಸಲ ಏರಿತು, ಎರಡು ಸಲವೂ ತಣ್ಣೀರು ಬೆರೆಸಿ ಇಳಿಸಿದೆ. ಮೊದಲ ಸರದಿ ಕೆಟ್ಟಿತೆಂದು ಚೆಲ್ಲಿ ಮತ್ತೆ ಮೊದಲಿನಿಂದ ಹಿಡಿದೆ. ಎರಡನೆಯ ಸರದಿಗೆ ಕಂಪೌಂಡರ್ ಉಷ್ಣಮಾಪಕದ ಎದುರು ಕುಕ್ಕರುಗಾಲಲ್ಲಿ ಕೂತು, ಪಾದರಸ ಒಂದು ಗೀಟು ಏರಿದರೆ “ಏರಾಕತ್ತದ” ಎನ್ನುತ್ತ ತಾಸು ಕಳೆದರು.

ನೀಲಿ ಎದ್ದಿತು. ಇಬ್ಬರದು ನಿಜವಾಗಿಯೂ ಇಳಿದಿತ್ತು. ನಾಲ್ವರದು ಇಳಿದಿರಲಿಲ್ಲ. ಕ-೪ರ ಕೊಳವೆ ನನ್ನ ಸಾಲಿನ ಅತಿ ಗಾಢ ಕೊಳವೆಗಿಂತ ಗಾಢವಾಗಿತ್ತು. ನೀರು ಬೆರೆಸಿ ತಿಳಿಮಾಡಿ ಅಳೆಯಬೇಕಾಯಿತು. ಇಪ್ಪತ್ತಾರು.

ಕಂಪೌಂಡರ್ ಕೊಳವೆಯನ್ನು ನೋಡಿದರು, ನನ್ನನ್ನು ನೋಡಿದರು. “ನಾ ಕಟ್ಟಿದ್ದ ತಪ್ಪೇನ್ರಿ?”

“ನೀವು ಗಾಜ ಉಳಿಸಿದ್ರಿ, ಕಾಕಾ. ಅದನ್ನ ಹೊಗಳಿ ಬರದಾಂವ ನಾನು. ಒಂದ ಸಲನೂ ಒಳಗ ಕೈ ಹಾಕಿ ನೋಡಲಿಲ್ಲ.”

ಅವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. “ಕ-೨ರ ಮನಿಗೆ ಹೋಗೂಣ ನಡೀರಿ” ಎಂದರು.

ಕ-೨ ಕಲ್ಲುಕೆಲಸದವರು. ಅವರ ತಮ್ಮ ಬಾಗಿಲಲ್ಲೇ ಹೇಳಿದ: “ಮೂರ ದಿನ ಆತ್ರಿ, ಎರಡೂ ಕಾಲ ಅಳ್ಳಾಡವಲ್ವು. ಚಿವುಟಿದ್ರ ತಿಳಿಯಂಗಿಲ್ಲ ಅಂತಾನ. ನೀವೇ ಆರಾಮ ಆಗ್ಯಾದ ಅಂದಿದ್ರಿ ಅಂತ ದೆವ್ವದ ಕಾಟ ಇರಬಹುದು ಅನ್ಕೊಂಡಿದ್ವಿ.” ಬೆನ್ನುಹುರಿಯ ಮೇಲೆ ಗಡ್ಡೆ ಒತ್ತಿತ್ತು. ಅಂದೇ ಸಂಜೆಯ ಬಸ್ಸಿಗೆ ಅವರನ್ನು ಮಲಗಿಸಿಕೊಂಡು ಬಂದೆವು. ಸಾಹೇಬರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಕಾಲು ಬರಲಿಲ್ಲ. ಇಪ್ಪತ್ತೊಂದನೆಯ ದಿನ ತೀರಿಕೊಂಡರು. ‘ಚಿಕಿತ್ಸೆ ಫಲಿಸಿದೆ’ ಎಂಬ ನನ್ನ ಅಕ್ಷರ ಆ ಪುಟದಲ್ಲಿ ಇನ್ನೂ ಇದೆ. ಕೆಳಗೆ ಒಂದು ಗೆರೆ ಎಳೆದು ನಡೆದದ್ದನ್ನು ಬರೆದಿದ್ದೇನೆ. ಮೇಲಿನದನ್ನು ಅಳಿಸಲಿಲ್ಲ.

ಶುಕ್ರವಾರ ಗಾಡಿ ಹೋಯಿತು, ಸಾಹೇಬರು ಹೋಗಲಿಲ್ಲ. ವರದಿಯನ್ನು ನನ್ನ ಕೈಗೆ ಕೊಟ್ಟರು. “ಕಮಲಾಪುರದ ಪುಟಗಳನ್ನ ತಗಿ. ಯಾಕ ತಗದೀವಿ ಅಂತ ಒಂದ ಪುಟ ಬರಿ. ಬಾಳಿಬುಟ್ಟಿ ಸೈತ ಬರಿ. ಮಂದಿ ನಗ್ತಾರ. ನಗಲಿ.” ಹೈದರಾಬಾದಿಗೆ ಮೊದಲು ಹೋದದ್ದು ಆ ಒಂದು ಪುಟವೇ.

ಶನಿವಾರ ಮುತ್ಯಾ ಕಲಬುರಗಿಗೆ ಬಂದರು. ಆಯಿ ಶರಣಬಸವೇಶ್ವರ ಗುಡಿಯ ಅಂಗಳದಲ್ಲಿ ಗಂಟು ಇಳಿಸಿ, ನೇರ ವಾರ್ಡಿಗೆ ಬಂದು ಮಂಚದ ಕಾಲಬಳಿ ನಿಂತರು. ಸಾಹೇಬರು ಕುರ್ಚಿ ಎಳೆದು ಕೂತು ಮೊದಲು ತಪ್ಪನ್ನು ಹೇಳಿದರು, ಆಮೇಲೆ ಶಸ್ತ್ರಚಿಕಿತ್ಸೆಯ ಮಾತು. ಮಾತು ಸುತ್ತು ಬಳಸುತ್ತಿತ್ತು. ಮುತ್ಯಾ ತಡೆದರು.

“ಹೋರಿಗೆ ಮಾಡ್ದಂಗ ಏನ್ರಿ?”

ಸಾಹೇಬರು ಕನ್ನಡಕ ತೆಗೆದರು. “ಹೌದು ಮುತ್ಯಾ. ಹಂಗೇ.”

ಮುತ್ಯಾ ಛಾವಣಿ ನೋಡಿದರು. “ಎಷ್ಟ ಹೋರಿಗೆ ನಾನೇ ನಿಂತ ಮಾಡಿಸೀನಿ. ಎಂಟ ದಿನಕ್ಕ ಎದ್ದ ನೇಗಿಲಾ ಎಳದಾವ. ಸಿಟ್ಟಿಲೆ ನನ್ನ ಒಂದೂ ಹಾಯ್ಲಿಲ್ಲ. ಎಲುಬಿನ ಬ್ಯಾನಿ ಹೋಗ್ತದೇನ?”

“ಹೋಗಬಹುದು. ಖಾತ್ರಿ ಹೇಳಂಗಿಲ್ಲ.”

“ಈ ಸಲ ಖಾತ್ರಿ ಅಂದಿದ್ರ ನಾ ಎದ್ದ ಹೋಗ್ತಿದ್ದೆ” ಎಂದರು ಮುತ್ಯಾ.

ಆಯಿ ನಡುವೆ ಬಾಯಿ ಹಾಕಿದರು. “ಟೊಂಕ ನಿಲ್ಲಲಿ ಸಾಕ್ರಿ. ಉಳಿದದ್ದು ಈಗ ಯಾವ ಮದವಿಗೆ ಬೇಕಾಗ್ಯಾದ?” ಅಷ್ಟೂ ಮಂಚಗಳ ಗಂಡಸರು ನಕ್ಕರು. ಸಾಹೇಬರೂ ನಕ್ಕರು. ಅಂದು ಅವರ ಊಟದ ಡಬ್ಬಿ ಖಾಲಿಯಾಗಿ ಹೋಯಿತು.

ಸೋಮವಾರ ಶಸ್ತ್ರಚಿಕಿತ್ಸೆ ಆಯಿತು. ಅರ್ಧ ತಾಸಿನ ಕೆಲಸ. ನಾನು ವಾರವಾರ ಸಾಮಾನು ಹೊತ್ತು ಕಮಲಾಪುರಕ್ಕೆ ಹೋಗಿ ಅಲ್ಲಿಯೇ ಪರೀಕ್ಷಿಸುವ ಕ್ರಮ ಹಾಕಿಕೊಂಡೆ. ಮಳೆಗಾಲದಲ್ಲಿ ರಸ್ತೆ ಕೆಟ್ಟಾಗ ಕಂಪೌಂಡರ್ ಸೀಸೆ ಕಳಿಸುತ್ತಿದ್ದರು, ಕಟ್ಟಿಗೆ ಹೊಟ್ಟಿನಲ್ಲಿ ಮಂಜುಗಡ್ಡೆ ತುಂಬಿದ ಡಬ್ಬದಲ್ಲಿ. ಪ್ರತಿ ಡಬ್ಬಕ್ಕೂ ಒಂದು ಚೀಟಿ: ‘ಕೈ ಹಾಕಿ ನೋಡಿದೆ. ತಣ್ಣಗದ.’

ಪುಸ್ತಕದ ಎಡಗಡೆಯ ಪುಟಗಳಿಗೆ ಹೊಸದಾಗಿ ಗೆರೆ ಎಳೆದೆ. ಅಂಕಿಯ ಅಂಕಣವನ್ನು ಕಿರಿದು ಮಾಡಿ, ಅದರ ಹಿಂದೆ, ಮೊದಲು ತುಂಬಬೇಕಾದ ಜಾಗದಲ್ಲಿ, ಬಲಗಡೆಯ ಪುಟಗಳ ‘ರೋಗಿಯ ಮಾತು’ ಎಂಬ ತಲೆಬರಹವನ್ನು ತಂದು ಬರೆದೆ. ಅದನ್ನು ಕೇಳಿ ತುಂಬಿದ ಮೇಲೆಯೇ ರಕ್ತ ತೆಗೆಯುವುದೆಂದು ನಿಯಮ ಮಾಡಿಕೊಂಡೆ.

ಶಸ್ತ್ರಚಿಕಿತ್ಸೆ ಆದ ಮೂರನೆಯ ಸೋಮವಾರ ಮುತ್ಯಾರ ಮನೆಗೆ ಹೋದಾಗ ಅವರು ತೋಟಕ್ಕೆ ಹೋಗಿದ್ದರು. ಆಯಿ ಹೊಸ್ತಿಲಲ್ಲಿದ್ದರು. ಕೇಳಿದೆ, ಹೇಳಿದರು, ಹೇಳಿದಂತೆಯೇ ಬರೆದುಕೊಂಡೆ. ಆಮೇಲೆ ತೋಟಕ್ಕೇ ಹೋಗಿ ರಕ್ತ ತೆಗೆದೆ. ಆ ದಿನದ ಅಂಕಿ ಏಳು. ಅದರ ಹಿಂದಿನ ಅಂಕಣದಲ್ಲಿ ಹೀಗಿದೆ:

‘ಕ-೪. ಹೆಂಡತಿಯ ಮಾತು: ನಾಕ ದಿನ ಆತು, ಮತ್ತ ನನ್ನ ಕಡೀನೇ ಮಾರಿ ಮಾಡಿ ಗೊರಕಿ ಹೊಡ್ಯಾಕತ್ಯಾರ. ನನಗ ನಿದ್ದಿ ಇಲ್ಲ.’